ಗುಬ್ಬಿ ಉತ್ತರ ಕೊಡದ ದಿನ

“ಮಿಷನ್ ಆಫ್ ಮಾಡೇ ಬಂದೆ ಕಣಮ್ಮ. ಮಾಡಿಟ್ಟೋರೇ ಹೋದ್ಮೇಲೆ ಅದೊಂದ್ ಯಾಕ್ ಓಡ್ಬೇಕು?” ಎಂದು ಗುಬ್ಬಿ ಗೋದಾಮಿನ ಶಿವರಾಮಯ್ಯ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ.

ಪನ್ನೀರಿನ ಶೀಶೆ ಹಿಡಿದಿದ್ದ ಮೆಹರ್ ಬಾನು ಅಲ್ಲೇ ನಿಂತಳು. ಒಳಗೆ ಅವಳ ಅಣ್ಣ ನೂರ್ ಅಹಮದನ ದೇಹಕ್ಕೆ ಸ್ನಾನ ನಡೆಯುತ್ತಿತ್ತು. ಕಫನ್ ಸುತ್ತಿದ ಮೇಲೆ ಹೆಂಗಸರಿಗೊಮ್ಮೆ ಮುಖ ತೋರಿಸುತ್ತಾರೆ. ಹೆಂಗಸರು ಖಬರಸ್ತಾನಕ್ಕೆ ಹೋಗುವಂತಿಲ್ಲ, ಅವಳ ಪಾಲಿಗೆ ಅಷ್ಟೇ.

“ಚಿಕ್ಕಬೀರಯ್ಯ, ನೀವೂ ಆಫ್ ಮಾಡಿದ್ರಾ?”

“ಇಲ್ಲ ಕಣಮ್ಮ. ಕುಣಿಗಲ್ದು ಓಡ್ಲಿ ಅಂತ ಬುಟ್ಟು, ಬೀಗ ಜಡ್ಕೊಂಡ್ ಬಂದೆ.”

ತುಮಕೂರು, ಗುಬ್ಬಿ, ಕುಣಿಗಲ್ಲಿನ ಔಷಧಿ ಗೋದಾಮುಗಳಿಗೆ ಒಂದೊಂದು ಕಂಪ್ಯೂಟರ್. ಯಾವ ಔಷಧಿ ಎಲ್ಲಿದೆಯೆಂದು ಅವು ಟೆಲಿಫೋನ್ ತಂತಿಯಲ್ಲಿ ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ರೇಡಿಯೋ ರಿಪೇರಿಯ ನೂರ್ ಅಹಮದ್ ತಾನೇ ಓದಿ, ತಂಗಿಗೂ ಕಲಿಸಿ ಕಟ್ಟಿದ್ದು. ಪ್ರೋಗ್ರಾಮನ್ನು ಲೆಕ್ಕದ ತುಂಡು, ಕೇಳುವ ತುಂಡು, ಹೇಳುವ ತುಂಡು ಎಂದು ಬಿಡಿಬಿಡಿಯಾಗಿ ಬರೆದು, ಅವನ್ನೇ ಮೂರೂ ಊರಿಗೆ ಜೋಡಿಸಿದ್ದ.

ಅಷ್ಟರಲ್ಲಿ ತುಮಕೂರು ಗೋದಾಮಿನ ಗುಮಾಸ್ತ ಪುಟ್ಟರಂಗಯ್ಯ ಏದುಸಿರು ಬಿಡುತ್ತಾ ಬಂದ. “ಬೆಳ್ಳಾವಿಯಿಂದ ಹಾವು ಕಚ್ಚಿರೋ ಹೆಂಗಸನ್ನ ತಂದವ್ರೆ. ಆಸ್ಪತ್ರೇಲಿ ಇಂಜೆಕ್ಷನ್ ಮುಗ್ದೈತೆ, ನಮ್ಮಲ್ಲೂ ಇಲ್ಲ. ಮಿಷನ್ ಕೇಳಿದ್ರೆ ಗರಬಡಿದಂಗೆ ಕೂತದೆ! ಇರೋದೊಂದು ಜೀಪು. ಗುಬ್ಬಿಗ್ ಓಡಿಸ್ಲೋ, ಕುಣಿಗಲ್‌ಗೋ?”

ಎರಡೂ ಎರಡು ದಿಕ್ಕು.

“ಹೋದ ವಾರ ಎರಡ್ ಕಡೇನೂ ಇತ್ತು. ಈಗ ಐತೋ ಇಲ್ವೋ, ಅದ್ನ ಮಿಷನ್ನೇ ಹೇಳ್ಬೇಕು” ಎಂದ ಚಿಕ್ಕಬೀರಯ್ಯ.

ಮೆಹರ್ ಬುರ್ಖಾ ಎಳೆದುಕೊಂಡಳು. ಚಿಕ್ಕಪ್ಪ ಅಜ್ಮತುಲ್ಲಾ ಬಾಗಿಲಿಗೆ ಅಡ್ಡ ಬಂದರು. “ಎಲ್ಲಿಗಮ್ಮಾ? ಇನ್ನೇನು ಮುಖ ತೋರಿಸ್ತಾರೆ.”

“ಗೋದಾಮಿಗೆ, ಚಿಚ್ಚಾ.”

“ಹುಚ್ಚೀ! ಆಮೇಲ್ ನೋಡ್ತೀನಿ ಅಂದ್ರೆ ಸಿಕ್ತಾನಾ ಅವ್ನು?”

*

“ಗುಬ್ಬಿ ಉತ್ತರ ಕೊಡ್ಲಿಲ್ಲ ಅಂದ್ರೆ?” ಎಂದು ಅವಳು ಹಿಂದೊಮ್ಮೆ ಕೇಳಿದ್ದಳು.

“ಕಾಯುತ್ತೆ.”

“ಎಷ್ಟೊತ್ತು?”

“ಕೊಡೋವರೆಗೂ. ಶಿವರಾಮಯ್ಯ ಊಟಕ್ಕೆ ಹೋಗಿರ್ತಾನೆ ಕಣೇ, ಬರ್ತಾನೆ. ಅಷ್ಟೂ ಕಾಯಬಾರ್ದಾ?” ಎಂದು ಅಣ್ಣ ನಕ್ಕಿದ್ದ. ನೆಂಟರು ಒಂದು ಬಸ್ಸಿಗೆ ಬರದಿದ್ದರೆ ಮುಂದಿನ ಬಸ್ಸಿನ ತನಕ ಸ್ಟ್ಯಾಂಡಿನಲ್ಲೇ ಕೂರುವ ಆಸಾಮಿ.

*

ತೆರೆಯ ಮೇಲೆ ಗುಬ್ಬಿಯ ಹೆಸರು ಮಿಣುಕುತ್ತಿತ್ತು. ಅದು ಉತ್ತರ ಕೊಡದೆ ಮಿಷನ್ ಕುಣಿಗಲ್ಲನ್ನು ಕೇಳುವುದಿಲ್ಲ. ಮೆಹರ್ ಅದನ್ನು ನಿಲ್ಲಿಸಿ, ಕೇಳುವ ತುಂಡನ್ನು ಬಿಚ್ಚಿದಳು. ಸ್ವಲ್ಪ ಹೊತ್ತು ಕಾದು, ಉತ್ತರ ಬರದಿದ್ದರೆ ಮುಂದಿನ ಊರಿಗೆ ಹೋಗು, ಅಷ್ಟೇ ಬರೆಯಬೇಕಾದದ್ದು. ಅದಕ್ಕೆ ಅಣ್ಣನ ಸಾಲನ್ನು ಅಳಿಸಬೇಕಿತ್ತು. ಅಳಿಸಿದಳು. ಮೊದಲ ಸಲ ತಪ್ಪು ಬಿತ್ತು, ಮಿಷನ್ ಒಪ್ಪಲಿಲ್ಲ. ಮತ್ತೆ ಬರೆದಳು.

ಗುಬ್ಬಿ ಮಿಣುಕಿತು. ಮಿಣುಕುತ್ತಲೇ ಇತ್ತು. ಕೆಳಗೆ ಚಿಕ್ಕಬೀರಯ್ಯ ಹತ್ತಿ ಕೂತಿದ್ದ ಜೀಪು ಗುರುಗುಡುತ್ತಾ ನಿಂತಿತ್ತು. ಕೊನೆಗೆ ಗುಬ್ಬಿ ಅಳಿಸಿಹೋಗಿ ಕುಣಿಗಲ್ ಬಂತು. ತಂತಿಯಲ್ಲಿ ಕೀರಲು ಸದ್ದಾಯಿತು. ಪಕ್ಕದಲ್ಲೊಂದು ಅಂಕಿ ಮೂಡಿತು.

ಅವಳು ಕಿಟಕಿಗೆ ಓಡಿದಳು. “ಚಿಕ್ಕಬೀರಯ್ಯಾ, ನಿಮ್ಮಲ್ಲೇ ಇದೆ! ಹೊರಡಿ!”

“ಬೀಗದ ಕೈ ನನ್ ಜೇಬಲ್ಲೇ ಐತೆ ಕಣಮ್ಮ. ಬಂದೇಬುಟ್ಟೆ ಅನ್ಕೋ!”

ಜೀಪು ತಿರುವಿನವರೆಗೆ ಹೋಗಿ ಗಕ್ಕನೆ ನಿಂತಿತು. ಎದುರಿಗೆ ನೂರ್ ಅಹಮದನ ಜನಾಜ ಬರುತ್ತಿತ್ತು, ರಸ್ತೆ ತುಂಬ ಟೋಪಿಗಳು. ಹೆಗಲಿಂದ ಹೆಗಲಿಗೆ ದಾಟುತ್ತಿದ್ದ ಸಂದೂಕದ ಮುಂಭಾಗ ಆಗ ಶಿವರಾಮಯ್ಯನ ಹೆಗಲ ಮೇಲಿತ್ತು. ಅವನು ಜೀಪನ್ನು ನೋಡಿ ಕೈಯೆತ್ತಿ ಏನೋ ಕೂಗಿದ. ಜನ ಸರಿದರು. ಸಂದೂಕ ರಸ್ತೆಯಿಂದ ಇಳಿದು, ಚರಂಡಿಯ ಪಕ್ಕ, ಜೀಪು ದಾಟುವವರೆಗೂ ನಿಂತಿತ್ತು.