ಗಂಟಿನ ಗಣಿತ

ಬೈಂದೂರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದ ಚಂದಯ್ಯ ಶೆಟ್ಟರಿಗೆ ಒಂದು ಲೇಖನ ಓದಬೇಕಿತ್ತು. ದಾರದ ಗಂಟುಗಳ ಗಣಿತದ ಬಗ್ಗೆ ಬಲ್ಗೇರಿಯಾದ ಎಲೆನಾ ಎಂಬ ಪ್ರಾಧ್ಯಾಪಕಿ ಒಂದು ಸಂಶೋಧನಾ ಪತ್ರಿಕೆಯಲ್ಲಿ ಬರೆದದ್ದು. 2011ರ ಮಳೆಗಾಲ ಮುಗಿಯುವ ಹೊತ್ತಿಗೆ ಕಾಲೇಜಿನ ಕಂಪ್ಯೂಟರಿನಲ್ಲಿ ಅದರ ಸಾರಾಂಶ ಕಣ್ಣಿಗೆ ಬಿದ್ದಿತ್ತು. ಸಾರಾಂಶ ಮುಗಿದದ್ದೇ, ಮುಂದೆ ಓದಲು ಚಂದಾದಾರರಾಗಿರಬೇಕು ಎಂಬ ಸೂಚನೆ ಅಡ್ಡ ಬಂತು.

ತಂಗಿಯ ಮಗಳು ಶ್ರಾವ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಶೆಟ್ಟರು ಅವಳಿಗೆ ಫೋನ್ ಮಾಡಿದರು.

“ನಮ್ ಲೈಬ್ರರಿಗೂ ಆ ಪತ್ರಿಕೆ ಬತ್ತಿಲ್ಲ ಮಾವ. ಬರ್ದವ್ರನ್ನೇ ಕೇಣಿ, ಕಳ್ಸ್ತ್ರ್” ಎಂದಳು.

“ಗುರ್ತ ಇಲ್ದಿದ್ ಜನಕ್ಕೆ ಎಂತ ಅಂದ್ ಬರೆಯೂದ್ ಹೆಣೆ?”

ಜಗಲಿಯಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಹೆಂಡತಿ ಪ್ರಫುಲ್ಲಾ ತಲೆಯೆತ್ತಿದರು. “ಹ್ವಾಯ್, ಕೇಂಬುಕೆ ಎಂತ ನಾಚ್ಕಿ? ಬೀಜಾಡಿ ಅತ್ತಿಗೆ ಹತ್ರ ಕೇಂಡೇ ನಾನ್ ಮೀನ್ ಸಾರ್ ಕಲ್ತದ್ದ್. ನೀವ್ ಉಂಬುದಿಲ್ಯಾ?”

ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ನಾಲ್ಕು ಸಾಲಿನ ಮೇಲ್ ಕಳಿಸಿದರು. ಮರುದಿನವೇ ಲೇಖನ ಬಂತು. ಜೊತೆಗೆ ಎಲೆನಾ ಬರೆದಿದ್ದರು: “ನಮ್ಮ ವಿಶ್ವವಿದ್ಯಾಲಯವೂ ಈ ಪತ್ರಿಕೆ ತರಿಸುವುದಿಲ್ಲ. ಲೇಖನ ಬೇಕೆಂದು ಕೇಳಿದವರಲ್ಲಿ ನೀವೇ ಮೊದಲಿಗರು. ಓದಿ ಏನನ್ನಿಸಿತೆಂದು ದಯವಿಟ್ಟು ಬರೆಯಿರಿ.”

ಶೆಟ್ಟರಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ತಿಳಿಯುವುದಕ್ಕಾಗಿ ಹೆಂಡತಿಗೆ ವಿವರಿಸತೊಡಗಿದರು. ದಾರದ ಎರಡು ತುದಿ ಸೇರಿಸಿದ ಮೇಲೆ, ಕತ್ತರಿಸದೆ ಬಿಡಿಸಲಾಗದಿದ್ದರೆ ಮಾತ್ರ ಗಣಿತದಲ್ಲಿ ಅದು ಗಂಟು.

“ಹಂಗಾರೆ ಇದ್?” ಎಂದು ಪ್ರಫುಲ್ಲಾ ಕಟ್ಟಿದ ಮಾಲೆ ಹಿಡಿದರು.

ತುದಿಗಳನ್ನು ಸೇರಿಸಿ, ಒಂದೊಂದೇ ಹೂ ಜಾರಿಸಿ ತೆಗೆದರು. ಸುತ್ತುಗಳೆಲ್ಲ ಬಿಚ್ಚಿಕೊಂಡು ದಾರ ಬರೀ ಬಳೆಯಂತಾಯಿತು. ಅಷ್ಟು ಹೂ ಹಿಡಿದುಕೊಂಡಿದ್ದ ಮಾಲೆಯಲ್ಲಿ ಗಣಿತದ ಲೆಕ್ಕಕ್ಕೆ ಒಂದೂ ಗಂಟಿರಲಿಲ್ಲ. ಗಂಡಹೆಂಡತಿ ಮುಖ ಮುಖ ನೋಡಿ ನಕ್ಕರು.

ಶೆಟ್ಟರು ಇದರ ಫೋಟೋ ತೆಗೆದು ಎಲೆನಾಗೆ ಕಳಿಸಿದರು. ಕೆಲ ದಿನಗಳಲ್ಲಿ ಅಲ್ಲಿಂದಲೂ ಒಂದು ಫೋಟೋ ಬಂತು. ತರಗತಿಯಲ್ಲಿ ಹುಡುಗ ಹುಡುಗಿಯರು ದಾರ ಹಿಡಿದು ಹೂ ಕಟ್ಟುತ್ತಿದ್ದರು.

ಪ್ರಫುಲ್ಲಾ ಕನ್ನಡಕ ಹಾಕಿಕೊಂಡು ನೋಡಿದರು. “ಪಾಪ, ತೊಟ್ಟ್ ಹಿಡ್ಕಂಬುಕೆ ಗೊತ್ತಿಲ್ಲ ಅವ್ಕೆ. ಸಡ್ಲ ಆತ್ತ್ ಅಂದ್ ಬರೀನಿ.”

ಶೆಟ್ಟರು ಅದನ್ನೂ ಬರೆದರು. ಹಾಗೆಯೇ, ಇದನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಿದರು. “ಲೇಖನದ ಹಕ್ಕು ಪತ್ರಿಕೆಯದು, ಅದನ್ನು ಹಾಗೆಯೇ ಹಾಕಬೇಡಿ. ವಿಷಯವನ್ನು ನಿಮ್ಮ ಮಾತಿನಲ್ಲಿ ಎಷ್ಟು ಬೇಕಾದರೂ ಬರೆಯಿರಿ. ಹೂವಿನ ವಿಚಾರ ಮೊದಲು ಬರಲಿ” ಎಂದು ಎಲೆನಾ ಉತ್ತರಿಸಿದರು.

ಶೆಟ್ಟರು ಬರೆದದ್ದನ್ನು ಶ್ರಾವ್ಯ ಟೈಪ್ ಮಾಡಿ, ಯಾರು ಬೇಕಾದರೂ ಓದುವಂತೆ ಒಂದು ಬ್ಲಾಗಿನಲ್ಲಿ ಹಾಕಿದಳು. ಬಹಳ ದಿನ ಯಾರ ಸದ್ದೂ ಇರಲಿಲ್ಲ. ಆಮೇಲೊಂದು ಭಾನುವಾರ ಕೆರಾಡಿಯ ಶಾಲೆಯ ಟೀಚರ್ ಸುಗುಣ ಬಸ್ಸು ಹಿಡಿದು ಮನೆಗೇ ಬಂದರು.

“ಸರ್, ನೀವ್ ಬರ್ದದ್ದನ್ನ ಓದಿ ಮಕ್ಕಳ್ ಒಂದ್ ಪ್ರಶ್ನೆ ಕೇಂಡ್ರ್. ಎರಡ್ ಗಂಟನ್ನ ಒಂದೇ ದಾರದಲ್ಲಿ ಹಾಕ್ರೆ, ಒಂದ್ ಇನ್ನೊಂದನ್ನ ಬಿಡ್ಸುಕೆ ಆತ್ತಾ ಅಂದ್. ನಂಗ್ ಹೇಳುಕ್ ಆಯ್ಲಿಲ್ಲ.”

ಶೆಟ್ಟರು ಹಾಳೆಯಲ್ಲಿ ಗೀಚಿದರು, ಮತ್ತೆ ಗೀಚಿದರು. ಕೊನೆಗೆ ಪೆನ್ನು ಕೆಳಗಿಟ್ಟರು. “ಆತ್ತಿಲ್ಲ ಅಂದ್ ಕಾಣ್ತ್. ಎಂತಕ್ ಅಂದ್ರೆ ನಂಗೂ ಗೊತ್ತಿಲ್ಲ. ಬನ್ನಿ, ಎಲೆನಾ ಹತ್ರ ಕೇಂಬ.”

ಇಬ್ಬರೂ ಕಂಪ್ಯೂಟರ್ ಮುಂದೆ ಕುಳಿತು ಮಕ್ಕಳ ಹೆಸರು ಸಮೇತ ಪ್ರಶ್ನೆ ಬರೆಯತೊಡಗಿದರು. ಒಳಗೆ ಊಟಕ್ಕೆ ಅಣಿಮಾಡುತ್ತಿದ್ದ ಪ್ರಫುಲ್ಲಾರ ದನಿ ಬಂತು:

“ಬಸ್ಸಿಗೆ ಇನ್ನೂ ಹೊತ್ತಿತ್ತ್. ಟೀಚರ್ ಉಂಡ್ಕಂಡೇ ಹೋಯ್ಕ್.”