ಮದಲಗಿತ್ತಿ

ಅಮೃತೂರಿನ ಚಿಕ್ಕಮಾರಮ್ಮ ತುಮಕೂರಿನ ಆಸ್ಪತ್ರೆಯೊಂದಕ್ಕೆ ಮೊದಲ ಸಲ ಡಯಾಲಿಸಿಸ್‌ಗೆ ಬಂದಿದ್ದಳು. ಗಂಡ ಭೀಮರಾಜನನ್ನು ಬಾಗಿಲಲ್ಲೇ ನಿಲ್ಲಿಸಿ, ನರ್ಸ್ ಅವಳೊಬ್ಬಳನ್ನೇ ಒಳಗೆ ಕರೆದೊಯ್ದಳು. ಮಂಚದ ಮೇಲಿದ್ದ ಹೆಂಗಸೊಬ್ಬಳು ಅವಳನ್ನು ನೋಡಿ, "ಮದಲಗಿತ್ತಿ ಬಂದ್ಲು ಕಣ್ರೇ!" ಎಂದಳು. ಉಳಿದವರೆಲ್ಲ ತಿರುಗಿ ನಕ್ಕರು.

ಚಿಕ್ಕಮಾರಮ್ಮ ಬಾಗಿಲ ಕಡೆಗೆ ತಿರುಗಿದಳು. ಹೋದ ವರ್ಷ ಓರಗಿತ್ತಿ ಮುತ್ತೈದೆಯಾಗಿ ತೀರಿಕೊಂಡಾಗ, ಹೆಣಕ್ಕೆ ಅರಿಶಿನ ಹಚ್ಚಿ, ಹೂ ಮುಡಿಸಿ, ಮದುವೆಯ ಸೀರೆ ಉಡಿಸಿದ್ದವಳು ಅವಳೇ. "ಮದಲಗಿತ್ತಿ ಹಂಗವ್ಳೆ" ಎಂದು ಸೇರಿದ್ದವರು ಅತ್ತಿದ್ದರು. ತಾನು ಸಾಯುವುದು ಇವರಿಗೆಲ್ಲ ಗೊತ್ತಾಗಿಬಿಟ್ಟಿದೆ ಅನ್ನಿಸಿತು.

"ನಾನು ಮನೆಗೆ ಹೋಯ್ತೀನಿ, ಬುಟ್ಬುಡಿ," ಎಂದು ನರ್ಸ್ ಕೈಯಿಂದ ಕೊಸರಿಕೊಂಡಳು.

ಪಕ್ಕದ ಮಂಚದಲ್ಲಿದ್ದ ಗುಬ್ಬಿಯ ಪುಟ್ಟನಂಜಮ್ಮ ನಗು ನಿಲ್ಲಿಸಿದಳು. "ಯಾಕವ್ವ, ಹಿಂಗೆ ಬೆವರ್ತಿದೀಯ?"

"ಮದಲಗಿತ್ತಿ ಅಂದ್ರಲ್ಲಕ್ಕಾ. ನಾನು ಸಾಯ್ತೀನಾ?"

"ಅಯ್ಯೋ, ಹೊಸದಾಗಿ ಸೇರ್ದೋರ್ನೆಲ್ಲ ಇಲ್ಲಿ ಹಂಗೇ ಅನ್ನೋದು ಕಣವ್ವ. ಮದ್ವೆಯಾಗಿ ಗಂಡನ್ ಮನೆಗೆ ಬಂದೋಳಂಗೆ ಎಲ್ರೂ ಹೆದರ್ಕೊಂಡೇ ಬರ್ತಾರೆ. ನಂಗೂ ಅಂದಿದ್ರು. ಇನ್ನೂ ಬರ್ತಾನೇ ಇದೀನಲ್ಲ!"

ಚಿಕ್ಕಮಾರಮ್ಮ ಮಲಗಿದಳು. ಕೊಳವೆಯಲ್ಲಿ ತನ್ನದೇ ರಕ್ತ ಹೊರಗೆ ಹರಿಯುವುದನ್ನು ಕಂಡು ಕಣ್ಣು ಮುಚ್ಚಿ ಪಕ್ಕಕ್ಕೆ ಕೈ ಚಾಚಿದಳು. ಪುಟ್ಟನಂಜಮ್ಮ ಸೂಜಿಯಿಲ್ಲದ ಕೈಯಿಂದ ಅದನ್ನು ಹಿಡಿದುಕೊಂಡಳು. ಯಂತ್ರ ನಿಲ್ಲುವವರೆಗೂ ಚಿಕ್ಕಮಾರಮ್ಮನ ಅಂಗೈ ಬೆವರುತ್ತಲೇ ಇತ್ತು.