ಗಲ್ಲಾದಲ್ಲಿ ಕೂತ ಬೆನ್ನು

ನನ್ನ ಗಂಡ ಮುರಾರಿಗೆ ಬೆನ್ನುನೋವು ಶುರುವಾದದ್ದು ಮಗಳು ಅಕ್ಷಯಾ ಒಂದನೇ ಕ್ಲಾಸಿಗೆ ಸೇರಿದ ವರ್ಷ. ನೆರೂಳಿನಲ್ಲಿ ಅವರ ಅಣ್ಣನ ಹೋಟೆಲು. ದೋಸೆ ಕಾವಲಿಯ ಮುಂದೆ ನಿಲ್ಲುವ ಕೆಲಸ ಇವರದು. ಬೆಳಿಗ್ಗೆ ಗೋಡೆ ಹಿಡಿದೇ ಏಳಬೇಕು. ಕೆಲಸಕ್ಕೆ ನಿಂತು ಮೈ ಬಿಸಿಯಾದ ಮೇಲೆ ನೋವು ಇಳಿಯುತ್ತಿತ್ತು. ಇಳಿಯುತ್ತದೆ ಯಾಕೆ ಎಂದು ಒಬ್ಬನೂ ಕೇಳಲಿಲ್ಲ. ನಿಂತು ನಿಂತು ಬಂದ ನೋವು ಎಂದು ಎಲ್ಲರಿಗೂ ಗೊತ್ತಿತ್ತು, ನಮ್ಮ ಬಿಲ್ಡಿಂಗಿನ ಕೆಳಗಿನ ಡಾಕ್ಟರಿಗೂ ಗೊತ್ತಿತ್ತು.

ಭಾವ ವಸಂತಕುಮಾರ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ತಮ್ಮನ ಮೇಲಿನ ಪ್ರೀತಿಯಿಂದ ತಾವು ಕೂರುವ ಗಲ್ಲಾವನ್ನೇ ಬಿಟ್ಟುಕೊಟ್ಟರು. ನಮ್ಮ ಹೋಟೆಲಿನವರಲ್ಲಿ ಅದು ಸಣ್ಣ ಮಾತಲ್ಲ. ದುಡ್ಡಿನ ಪೆಟ್ಟಿಗೆಯ ಹಿಂದೆ ಕೂತವನೇ ಯಜಮಾನ.

"ಇನ್ನು ನಿಲ್ಲುದು ಬೇಡ ಮಾರಾಯ, ಆರಾಮ ಕೂತ್ಕೋ" ಎಂದರು.

ಉಡುಪಿಯಲ್ಲಿ ಅತ್ತೆ ಸುದ್ದಿ ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿಸಿದರಂತೆ.

ಕೂತದ್ದೇ ಕೂತದ್ದು. ಮೊದಲು ಸೊಂಟ ಗಟ್ಟಿಯಾಯಿತು, ಆಮೇಲೆ ಬೆನ್ನು, ಕೊನೆಗೆ ಕುತ್ತಿಗೆ. ಬೆಲ್ಟು ಕಟ್ಟಿಸಿದೆವು, ಎಣ್ಣೆ ತಿಕ್ಕಿಸಿದೆವು, ಕಾಮೋಠೆಯ ಒಬ್ಬರಲ್ಲಿ ಸೂಜಿ ಚುಚ್ಚಿಸಿದೆವು. ಅಕ್ಷಯಾ ಹತ್ತನೇ ಕ್ಲಾಸಿಗೆ ಬಂದಾಗ ವಾಶಿಯ ಸಂಧಿವಾತದ ಡಾಕ್ಟರ್ ರೋಗದ ಹೆಸರು ಹೇಳಿದರು. ಅಷ್ಟರಲ್ಲಿ ಬೆನ್ನಿನ ಎಲುಬುಗಳು ಒಂದಕ್ಕೊಂದು ಅಂಟಿಕೊಂಡಾಗಿತ್ತು.

"ಈ ಕಾಯಿಲೆಗೆ ಮೈ ಆಡಿಸ್ತಾ ಇರಬೇಕು. ಇವರನ್ನು ಕೂರಿಸಿದ್ದು ಯಾರು?" ಎಂದು ಅವರು ಕೇಳಿದಾಗ ಜೊತೆಗೆ ಬಂದಿದ್ದ ಭಾವ ಕಿಟಕಿಯ ಹೊರಗೆ ನೋಡಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇವರು ಇಂದಿಗೂ ಬಗ್ಗಿದಂತೆಯೇ ನಡೆಯುತ್ತಾರೆ.

ಅಕ್ಷಯಾ ಡಿಗ್ರಿ ಮುಗಿಸಿ ಕೋಪರಖೈರಣೆಯ ಆಫೀಸೊಂದಕ್ಕೆ ಸೇರಿದಳು. ಒಂದು ಬೆಳಿಗ್ಗೆ ಅವಳೂ ಗೋಡೆ ಹಿಡಿದು ಏಳುವುದನ್ನು ಕಂಡೆ.

"ಎಂತ ಆಯ್ತು ಮಗಾ?"

"ಕುಛ್ ನಹೀ ಅಮ್ಮ, ಥೋಡಾ ಅಕಡ್ ಗಯಾ. ಚಲ್ನೇ ಸೇ ಠೀಕ್ ಹೋ ಜಾತಾ ಹೈ."

ಸ್ವಲ್ಪ ಬಿಗಿದುಕೊಂಡಿದೆಯಂತೆ, ನಡೆದರೆ ಸರಿಹೋಗುತ್ತದಂತೆ. ಅದೇ ವಾಶಿಯ ಡಾಕ್ಟರಿಗೆ ಫೋನ್ ಮಾಡಿದೆ. ಶನಿವಾರ ಬನ್ನಿ, ಅದು ಬಿಟ್ಟರೆ ಎರಡು ತಿಂಗಳು ಜಾಗವಿಲ್ಲ ಎಂದರು. ಅದೇ ಶನಿವಾರ ಡೊಂಬಿವಲಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

ವಿಷಯ ತಿಳಿದು ಭಾವ ಮನೆಗೆ ಬಂದರು. "ಅಪ್ಪನ ಕಾಯಿಲೆ ಮಗಳಿಗೂ ಉಂಟು ಅಂತ ಗೊತ್ತಾದ್ರೆ ಯಾರು ಮದುವೆ ಆಗ್ತಾರೆ ಮುಕ್ತಾ? ಮೊದಲು ಶಾದಿ ಆಗ್ಲಿ, ಆಮೇಲೆ ತೋರಿಸುವ. ಅಲ್ಲಿವರೆಗೆ ಆಫೀಸಿಗೆ ರಜೆ ಹಾಕಿ ರೆಸ್ಟ್ ಮಾಡ್ಲಿ."

ರೆಸ್ಟ್! ಆ ಮಾತು ಕೇಳಿ ಕಿರುಚಬೇಕೆನಿಸಿತು. ಜಗಳಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಆಗ ಇವರು ಕುರ್ಚಿ ಹಿಡಿದು ಎದ್ದರು. ಜೀವಮಾನದಲ್ಲಿ ಅಣ್ಣನಿಗೆ ಎದುರು ಮಾತಾಡಿದವರಲ್ಲ.

"ಅಣ್ಣ, ನೀನು ನನ್ನನ್ನು ಪ್ರೀತಿಯಿಂದಲೇ ಕೂರಿಸಿದ್ದು. ಸಿಟ್ಟಿಲ್ಲ ನಂಗೆ. ಇವಳನ್ನು ಮಾತ್ರ ಕೂರಿಸ್ಬೇಡ."

ಭಾವ ತಾವೇ ಡೊಂಬಿವಲಿಗೆ ಫೋನ್ ಮಾಡಿ, ಹುಡುಗಿಯನ್ನು ಡಾಕ್ಟರಿಗೆ ತೋರಿಸಲಿಕ್ಕಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಂಡಿನ ಕಡೆಯವರು ಮತ್ತೆ ಫೋನ್ ಮಾಡಲಿಲ್ಲ.

ಶನಿವಾರ ಮೂವರೂ ಹೋದೆವು. ಡಾಕ್ಟರ್ ಸ್ಕ್ಯಾನ್ ನೋಡಿ, "ಅದೇ ಕಾಯಿಲೆ. ಆದ್ರೆ ಶುರುವಿನಲ್ಲೇ ಬಂದಿದ್ದೀರಿ. ಮಾತ್ರೆ ತಗೊಂಡು, ದಿನಾ ವ್ಯಾಯಾಮ ಮಾಡಿದ್ರೆ ಬೆನ್ನು ಉಳೀತದೆ" ಎಂದರು.

ಅಕ್ಷಯಾ ಅವರು ಚಾಚಿದ ಮಾತ್ರೆ ಚೀಟಿ ತೆಗೆದುಕೊಳ್ಳಲಿಲ್ಲ. "ಪಪ್ಪಾನಿಗೆ ನೋವು ಶುರುವಾದಾಗ ಈ ಮಾತ್ರೆ ಇರ್ಲಿಲ್ವಾ?"

"ಇತ್ತು" ಎಂದರು ಡಾಕ್ಟರ್. "ಇದೇ ಮಾತ್ರೆ."

ನಾನು ತಡೆಯಲಾರದೆ ಅಲ್ಲೇ ಅತ್ತುಬಿಟ್ಟೆ. ಇವರು ಮಾತ್ರ ನೆಲ ನೋಡುತ್ತಲೇ ಕೇಳಿದರು: "ಊಟಕ್ಕೆ ಮೊದಲೋ ಡಾಕ್ಟ್ರೇ, ಆಮೇಲೋ?"